ಹಳೆಯ ಡಿಶ್ ಫೋಟೊ ಹಾಕುವವರ ಗಮನಕ್ಕೆ

ಜಾಲರಿ ಡಿಶ್ ಕಂಡ ಕೂಡಲೇ ‘ಸೈಟ್ ಕಾಲದ್ದು’ ಎಂದು ಬರೆಯಬೇಡಿ. ಸೈಟ್ (SITE) ಎಂದರೆ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ ಪ್ರಯೋಗ. ಅದು ನಡೆದದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದೇ ವರ್ಷ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವೂ ಇದ್ದವು.

ಸೈಟ್ ಡಿಶ್ ಸುಮಾರು 3 ಮೀಟರ್ ಅಗಲ, ಕೋಳಿಗೂಡಿಗೆ ಬಳಸುವ ತಂತಿಬಲೆಯದು. ಆ ಪ್ರಯೋಗಕ್ಕೆ ಬಳಸಿದ ಎಟಿಎಸ್-6 ಉಪಗ್ರಹದ ಪ್ರಸಾರ 860 ಮೆಗಾಹರ್ಟ್ಸ್‌ನಲ್ಲಿ, 35 ಸೆಂ.ಮೀ. ಉದ್ದದ ಅಲೆಗೆ ಆ ತೂತುಗಳು ಲೆಕ್ಕಕ್ಕಿಲ್ಲ. ಈಗಿನ ಡಿಟಿಎಚ್ ಅಲೆ ಸುಮಾರು 2.5 ಸೆಂ.ಮೀ., ಅದೇ ಬಲೆಯಲ್ಲಿ ಸೋರಿಹೋಗುತ್ತದೆ. ಹಾಗಾಗಿಯೇ ಈಗ ಗಟ್ಟಿ ತಗಡು.

ಎಡವುವುದು ತೊಂಬತ್ತರ ದಶಕದ ಕೇಬಲ್‌ನವರ ಡಿಶ್‌ನಲ್ಲಿ. ಅದೂ ಜಾಲರಿಯೇ, ಆದರೆ 4 ಗಿಗಾಹರ್ಟ್ಸ್‌ನ ಚಿಕ್ಕ ಅಲೆಗಾಗಿ ತೂತು ಬಹಳ ಸಣ್ಣವು. ಅನುಮಾನ ಬಂದರೆ ದಿಕ್ಕು ನೋಡಿ: ಎಟಿಎಸ್-6 ಇದ್ದದ್ದು 35 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ನಮಗೆ ಪಶ್ಚಿಮಕ್ಕೆ, ಆದ್ದರಿಂದ ಗುಲ್ಬರ್ಗದ ಡಿಶ್ ಪಶ್ಚಿಮ-ನೈಋತ್ಯಕ್ಕೆ, ನೆಲದಿಂದ ಸುಮಾರು 39 ಡಿಗ್ರಿ ಮೇಲಕ್ಕೆ ಮುಖ ಮಾಡಿರಬೇಕು. ಬಹುತೇಕ ಆಕಾಶಕ್ಕೇ ಮುಖವಿದ್ದರೆ ಆಮೇಲೆ ಬಂದ ಭಾರತದ ಇನ್ಸಾಟ್ ಉಪಗ್ರಹಗಳ ಕಾಲದ್ದಿರಬಹುದು. ಸೆಟ್‌ನಲ್ಲಿ ಬಣ್ಣದ ಚಿತ್ರ ಕಂಡರೆ ಚರ್ಚೆಯೇ ಬೇಡ, ಅದು ಸೈಟ್ ಕಾಲದ್ದಲ್ಲ: ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ.

ಫೋಟೊ ಜೊತೆ ಊರು, ತೆಗೆದ ವರ್ಷ, ಡಿಶ್ ಮುಖದ ದಿಕ್ಕು ಬರೆಯಿರಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ.