ಬ್ರೇಕ್ ಒತ್ತಿದ್ದು ಯಾರು?

ಚಿ. ಸಹನಾಗೆ,

ನಿನ್ನ ಅತ್ತೆಯ ಆಶೀರ್ವಾದಗಳು.

"ನಾಯಿ ಅಡ್ಡ ಬಂದಿದ್ದು ನಂಗೆ ಗೊತ್ತೇ ಆಗ್ಲಿಲ್ಲ ಅತ್ತೆ, ಅಷ್ಟರಲ್ಲಿ ಕಾಲು ಬ್ರೇಕ್ ಒತ್ತಿಬಿಟ್ಟಿತ್ತು" ಅಂದೆಯಲ್ಲ, ಆ ಮಾತನ್ನು ನಾನು ನಂಬುತ್ತೇನೆ. ಅದರ ಹಿಂದೆಯೇ ಇನ್ನೊಂದು ಹೇಳಿದೆ. ಒಂದೆರಡು ಸೆಕೆಂಡು ಫೋನ್ ನೋಡಿದರೂ ಕೈಕಾಲು ತಾವೇ ಸಂಭಾಳಿಸುತ್ತವೆ ಅಂತ. ಅದನ್ನು ಮಾತ್ರ ಒಪ್ಪಲಾರೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದು.

ಕಣ್ಣಿಂದ ಬಂದ ಸುದ್ದಿ ಮೆದುಳಿನಲ್ಲಿ ಒಂದೇ ದಾರಿ ಹಿಡಿಯುವುದಿಲ್ಲ. ತಲೆಯ ಹಿಂಭಾಗದಿಂದ ಒಂದು ದಾರಿ ಕೆಳಗೆ, ಕಿವಿಯ ಕಡೆ ಹೋಗುತ್ತದೆ. ಇದು ನಾಯಿ, ಇದು ಕಲ್ಲು ಎಂದು ಗುರುತು ಹಿಡಿಯುವುದು ಅಲ್ಲಿ. ಇನ್ನೊಂದು ಮೇಲಕ್ಕೆ, ನೆತ್ತಿಯ ಕಡೆ. ಕೈ ಎಷ್ಟು ತಿರುಗಬೇಕು, ಬೆರಳು ಎಷ್ಟು ಅಗಲಿಸಬೇಕು ಎಂಬ ಲೆಕ್ಕ ಅಲ್ಲಿಯದು. ಈ ಲೆಕ್ಕ ನಮ್ಮ ಅರಿವಿಗೆ ಬರಬೇಕೆಂದೇನೂ ಇಲ್ಲ. 1992ರಲ್ಲಿ ಮೆದುಳಿನ ಸಂಶೋಧಕರಾದ ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ ಇದನ್ನು ಬಿಡಿಸಿ ಹೇಳಿದರು. ಅವರಿಗೆ ದಾರಿ ತೋರಿಸಿದ್ದು ಡಿ.ಎಫ್. ಎಂದು ಮಾತ್ರ ಗೊತ್ತಿರುವ ಒಬ್ಬ ಹೆಂಗಸು. ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಆಕೆಯ ಗುರುತು ಹಿಡಿಯುವ ದಾರಿ ಹಾಳಾಗಿತ್ತು. ಎದುರಿಗಿದ್ದ ಸೀಳು ಅಡ್ಡ ಇದೆಯೋ ನೆಟ್ಟಗಿದೆಯೋ ಹೇಳಲು ಆಗುತ್ತಿರಲಿಲ್ಲ. ಆದರೆ ಕೈಗೊಂದು ಕಾರ್ಡ್ ಕೊಟ್ಟು ಒಳಗೆ ಹಾಕಿ ಎಂದರೆ, ಕೈ ಸರಿಯಾಗಿ ತಿರುಗಿ ತೂರಿಸಿಬಿಡುತ್ತಿತ್ತು!

ಆರೋಗ್ಯವಂತರಲ್ಲೂ ಇದರ ಗುರುತು ಸಿಗುತ್ತದೆ. 1991ರ ಒಂದು ಪ್ರಯೋಗದಲ್ಲಿ, ಕೈ ಚಾಚಿದ ಕೂಡಲೇ ಹಿಡಿಯಬೇಕಾದ ವಸ್ತುವನ್ನೇ ಬದಲಿಸಿದರು. ಸುಮಾರು 100 ಮಿಲಿಸೆಕೆಂಡಿನಲ್ಲಿ ಕೈ ಹೊಸ ಕಡೆಗೆ ಹೊರಳಿತು. ಬದಲಾದದ್ದು ಗೊತ್ತಾಯಿತು ಎಂದು ಬಾಯಿ ಹೇಳಲು 400ಕ್ಕೂ ಜಾಸ್ತಿ ಬೇಕಾಯಿತು. ನಿನ್ನ ಕಾಲಿಗೂ ಇಂಥದ್ದೇ ಏನೋ ಆಗಿರಬೇಕು.

ಹಾಗಂತ ಅರಿವಿಗೆ ಬಾರದೆ ನಡೆಯುವ ಈ ಕೆಲಸ ಬಲು ಜಾಣತನದ್ದು ಎಂದುಕೊಳ್ಳಬೇಡ. ಪರದೆಯ ಮೇಲೆ ಬಾಣದ ಗುರುತೊಂದನ್ನು ಕ್ಷಣದ ಚೂರು ಹೊತ್ತು ತೋರಿಸಿ, ತಕ್ಷಣ ಬೇರೆ ಚಿತ್ರದಿಂದ ಮುಚ್ಚುತ್ತಾರೆ. ನೋಡಿದವರಿಗೆ ಬಾಣ ಕಂಡೇ ಇರುವುದಿಲ್ಲ. ಆದರೂ ಮರುಕ್ಷಣ ಎಡ ಇಲ್ಲವೇ ಬಲ ಗುಂಡಿ ಒತ್ತಬೇಕಾದಾಗ, ಅದು ಬೆರಳನ್ನು ತಪ್ಪು ಗುಂಡಿಯ ಕಡೆ ಎಳೆಯಬಲ್ಲದು.

ಈಗ ನಿನ್ನ ಎರಡು ಸೆಕೆಂಡಿಗೆ ಬರೋಣ. ಅದೇ ಡಿ.ಎಫ್. ವಸ್ತುವನ್ನು ನೋಡುತ್ತಾ ಹಿಡಿಯುವಾಗ ಬೆರಳುಗಳ ಅಳತೆ ಸರಿ ಇರುತ್ತಿತ್ತು. ತೋರಿಸಿ, ಮರೆಮಾಡಿ, 2 ಸೆಕೆಂಡು ಕಾಯಿಸಿ ಹಿಡಿಯಲು ಹೇಳಿದರು. ಅಳತೆ ತಪ್ಪಿಹೋಯಿತು. ಕೈಕಾಲು ನಡೆಸುವ ಆ ಮೇಲಿನ ದಾರಿ ಏನನ್ನೂ ಕೂಡಿಡುವುದಿಲ್ಲ ಕಣೇ. ಈಗ ಕಣ್ಣಿಗೆ ಬಿದ್ದಷ್ಟೇ ಅದರ ಬಂಡವಾಳ. ನೀನು ಫೋನ್ ನೋಡುವಾಗ ನಿನ್ನ ಕಾಲಿಗೆ ಹೇಳಿಕೊಡಲು ಅಲ್ಲಿ ರಸ್ತೆಯೇ ಇರುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ 2 ಸೆಕೆಂಡಿಗೆ 33 ಮೀಟರ್ ದಾಟಿರುತ್ತೀಯ.

ಇನ್ನೊಂದು, ತಿರುವುಗಳಲ್ಲಿ ಬಾನೆಟ್ ಮುಂದಿನ ನೆಲ ನೋಡಬೇಡ. ಚಾಲಕರ ಕಣ್ಣು ತಿರುವಿನ ಒಳಅಂಚಿನ ಮೇಲೆ, ಗಾಡಿ ತಿರುಗುವ ಒಂದೆರಡು ಸೆಕೆಂಡು ಮುಂಚೆಯೇ ನೆಟ್ಟಿರುತ್ತದೆ ಎಂದು 1994ರಲ್ಲಿ ಸಂಶೋಧಕರಾದ ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಅಳೆದು ತೋರಿಸಿದರು. ಅಲ್ಲಿ ನೋಡು, ಸ್ಟಿಯರಿಂಗ್ ತಾನಾಗಿ ಒಲಿಯುತ್ತದೆ.

ಫೋನನ್ನು ಬ್ಯಾಗಿಗೆ ಹಾಕಿ ಹಿಂದಿನ ಸೀಟಿನಲ್ಲಿಡು. ದಾರಿ ಕೇಳಬೇಕಿದ್ದರೆ ಧ್ವನಿ ಹಾಕಿಕೋ. ನಾನು ಕರೆ ಮಾಡಿದರೂ ಎತ್ತಬೇಡ, ಗಾಡಿ ನಿಲ್ಲಿಸಿದ ಮೇಲೆ ನೀನೇ ಮಾಡು.

ಇಂತಿ,
ನಿನ್ನ ಅತ್ತೆ