ಸಣ್ಣ ಗಾಯದ ಮಂಡಿ ಆಪರೇಶನ್: ಪೂರ್ತಿ ವಿಷಯ ಹೇಳಿ

ಸಂಪಾದಕರೇ,

ನನ್ನ ಅಮ್ಮ ಜಗಲಿಯಿಂದ ಅಂಗಳಕ್ಕೆ ಇಳಿಯುವುದೇ ಬಾಗಿಲ ದಾರಂದ ಹಿಡಿದುಕೊಂಡು. ಎರಡೂ ಮಂಡಿ ಸವೆದಿದೆ. ಮಂಡಿಯ ಕೀಲು ಬದಲಿಸಲು ಒಂದು ಆಸ್ಪತ್ರೆಯಲ್ಲಿ ‘ಸಣ್ಣ ಗಾಯದ ಆಪರೇಶನ್, ಬೇಗ ನಡೆಯಬಹುದು’ ಎಂದರು, ಅಷ್ಟೇ. ಎಲ್ಲರಿಗೂ ಆಗುತ್ತದಾ ಎಂದು ಕೇಳಿದರೆ ಸರಿಯಾದ ಉತ್ತರವೇ ಇಲ್ಲ.

ಉಡುಪಿಯ ಇನ್ನೊಬ್ಬ ಮೂಳೆ ಡಾಕ್ಟರು ಕೂತು ವಿವರಿಸಿದರು. ಮಾಮೂಲಿ ಆಪರೇಶನ್‌ನಲ್ಲಿ 8ರಿಂದ 10 ಇಂಚು ಕೊಯ್ದರೆ ಇದರಲ್ಲಿ 4ರಿಂದ 6 ಇಂಚು ಸಾಕು, ತೊಡೆಯ ಮುಂಭಾಗದ ಸ್ನಾಯುವನ್ನು ಆದಷ್ಟು ಕತ್ತರಿಸದೆ ಕೆಲಸ ಮುಗಿಸುತ್ತಾರೆ, ಹಾಗಾಗಿ ಶುರುವಿನ ವಾರಗಳಲ್ಲಿ ನೋವು ಕಡಿಮೆ ಇರಬಹುದು. ಆದರೆ ಒಳಗೆ ಕೂರಿಸುವ ಕೃತಕ ಕೀಲು ಅದೇ. ವರ್ಷ ಕಳೆದ ಮೇಲೆ ದೊಡ್ಡ ವ್ಯತ್ಯಾಸವೇನೂ ಉಳಿಯುವುದಿಲ್ಲವಂತೆ. ತೂಕ ಜಾಸ್ತಿ ಇದ್ದವರಿಗೆ, ಕಾಲು ತುಂಬಾ ಬಾಗಿದವರಿಗೆ ಇದು ಹೊಂದುವುದೂ ಕಷ್ಟ. ಸಣ್ಣ ಜಾಗದಲ್ಲಿ ಸರಿಯಾಗಿ ಕಾಣದೆ ಕೀಲು ಓರೆಯಾಗಿ ಕೂತರೆ ಅನುಭವಿಸಬೇಕಾದವರು ರೋಗಿಯೇ ಅಲ್ವಾ?

ಇಷ್ಟನ್ನು ಆಸ್ಪತ್ರೆಗಳು ಮೊದಲೇ ಹೇಳಲಿ, ಕನ್ನಡದಲ್ಲೋ ತುಳುವಿನಲ್ಲೋ, ರೋಗಿಗೇ ನೇರವಾಗಿ. ಕೃತಕ ಕೀಲಿಗೆ ಕೇಂದ್ರ ಸರ್ಕಾರ 2017ರಲ್ಲೇ ಗರಿಷ್ಠ ಬೆಲೆ ಕಟ್ಟಿದೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಲಿ. ಫಿಸಿಯೋಥೆರಪಿ ಎಷ್ಟು ವಾರ ಬೇಕು ಎನ್ನುವುದನ್ನೂ ಬರೆದು ಕೊಡಲಿ.

– ಒಬ್ಬ ಓದುಗ, ಉಡುಪಿ