ಸಮಾಲೋಚನಾ ಸಭೆಯಲ್ಲಿ ಮಗುವಿನ ಮಾತೂ ಬರಲಿ

ಮಾನ್ಯ ಸಂಪಾದಕರೆ,

ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಗಂಟೆ ತುಂಬಿಸುವುದೇನೂ ಕಷ್ಟವಲ್ಲ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ವಿಡಿಯೊ ಓಡಲು ಬಿಟ್ಟು ಪ್ರಮಾಣಪತ್ರ ಇಳಿಸಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ಆದರೆ ಮಕ್ಕಳೊಂದಿಗೆ ಅಂತಃಕರಣದಿಂದ ನಡೆದುಕೊಳ್ಳುವುದು ಭಾಷಣ ಕೇಳಿ ಬರುವಂಥದ್ದಲ್ಲ. ಅದಕ್ಕೆ ತಕ್ಕ ಜಾಗ ಕ್ಲಸ್ಟರ್ ಮಟ್ಟದ, ಅಂದರೆ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆ.

ಯಾದಗಿರಿ ಜಿಲ್ಲೆಯ ತಾಂಡಾಗಳನ್ನೇ ನೋಡಿ. ಗುಳೆ ಹೋದ ಮನೆಯ ಮಗು ತಿಂಗಳುಗಟ್ಟಲೆ ಬಿಟ್ಟು ಶಾಲೆಗೆ ಬಂದರೆ, ಎಲ್ಲರೆದುರು ಕೇಳುವ ಮೊದಲ ಪ್ರಶ್ನೆ ‘ಇಷ್ಟ ದಿನ ಎಲ್ಲಿ ಹಾಳಾಗಿ ಹೋಗಿದ್ದಿ?’ ಶಿಕ್ಷಕರು ಕೆಟ್ಟವರೆಂದಲ್ಲ. ಹಾಜರಾತಿಗೂ ಕಲಿಕಾ ಮಟ್ಟಕ್ಕೂ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರೇ. ಆ ಸಿಟ್ಟು ಮಗುವಿನ ಮೇಲೆ ಇಳಿಯುತ್ತದೆ. ಚಿಕ್ಕ ಮಕ್ಕಳು ತಂತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ತರಗತಿಯಲ್ಲಾದರೆ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯಬಹುದು. ನಾಲ್ಕನೇ ತರಗತಿಗೆ ಬಂದರೆ ಏಣಿ ಇಲ್ಲ. ಉಳಿದವರು ಹತ್ತನೇ ಪಾಠದಲ್ಲಿದ್ದರೆ ಆ ಮಗುವಿಗೂ ಹತ್ತನೇ ಪಾಠವೇ. ಮನೆಯಲ್ಲಿ ಲಂಬಾಣಿ ಭಾಷೆ ಆಡುವ ಮಗು ತಿಳಿಯದೆ ಸುಮ್ಮನೆ ಕೂತರೆ ‘ದಡ್ಡ’ ಎಂಬ ಹೆಸರು ಬೀಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಬಿಟ್ಟವರೂ ಈ ಎರಡನೆಯದನ್ನು ಮರೆಯುತ್ತಾರೆ.

ಸಭೆಯಲ್ಲಿ ಇಂಥ ಒಂದು ಮಗುವಿನ ವಿಷಯಕ್ಕೆ 45 ನಿಮಿಷ ಮೀಸಲಿಟ್ಟರೆ ಸಾಕು. ಒಬ್ಬ ಶಿಕ್ಷಕರು, ಹೆಸರು ಊರು ಹೇಳದೆ, ಮಗುವಿನ ಸ್ಥಿತಿಯನ್ನು 5 ನಿಮಿಷದಲ್ಲಿ ಹೇಳಲಿ. ಮುಂದಿನ 15 ನಿಮಿಷ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು: ಓದುವುದು ಎಲ್ಲಿ ನಿಲ್ಲುತ್ತದೆ, ಯಾರ ಪಕ್ಕ ಕೂಡುತ್ತದೆ, ಬಿಸಿಯೂಟದ ಹೊತ್ತಿಗೆ ಯಾರ ಜೊತೆ ಇರುತ್ತದೆ. ಈ ಹಂತದಲ್ಲಿ ಸಲಹೆ ಬೇಡವೇ ಬೇಡ. ನಮ್ಮಲ್ಲಿ ಸಲಹೆ ಕೊಡುವ ಚಟ ಜಾಸ್ತಿ. ಶುರುವಾಯಿತೆಂದರೆ ಆ ಶಿಕ್ಷಕರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ, ಮಗು ಅಲ್ಲಿಗೇ ಮರೆಯಾಗುತ್ತದೆ. ಸಲಹೆಗೆ ಆಮೇಲೆ 15 ನಿಮಿಷ. ಕೊನೆಯ ಹತ್ತರಲ್ಲಿ ಆ ಶಿಕ್ಷಕರು ಮಾಡಿ ನೋಡುವ ಒಂದೇ ಕೆಲಸ ಆರಿಸಿಕೊಳ್ಳಲಿ. ಉದಾಹರಣೆಗೆ, ಗೈರಿನ ಕಾರಣವನ್ನು ತರಗತಿಯ ಹೊರಗೆ ಕೇಳುವುದು, ಲಂಬಾಣಿ ಬಲ್ಲ ಗೆಳೆಯನ ಪಕ್ಕ ಕೂಡಿಸುವುದು ಅಥವಾ ಎರಡನೇ ತರಗತಿಯ ಪಠ್ಯ ಓದಿಸಿ ಮಟ್ಟ ತಿಳಿಯುವುದು. ಮುಂದಿನ ಸಭೆ ಇದರ ಫಲಿತಾಂಶದಿಂದಲೇ ಆರಂಭವಾಗಬೇಕು. ಅದು ತಪ್ಪಿದರೆ ಇಡೀ ಕಸರತ್ತು ಹರಟೆಯಾಗುತ್ತದೆ.

ಇದು ಕೆಡುವುದು ಹೆಚ್ಚಾಗಿ ಎರಡು ಕಡೆ. ಸುತ್ತೋಲೆ ಓದುವುದು, ನಮೂನೆ ತುಂಬಿಸಿಕೊಳ್ಳುವುದರಲ್ಲೇ ಮಧ್ಯಾಹ್ನವಾಗುತ್ತದೆ. ಇದಕ್ಕೆ ಸಭೆ ನಡೆಸುವ ಸಿಆರ್‌ಪಿಗಳನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ದೂರಿ ಫಲವಿಲ್ಲ, ಅವರಿಂದ ಮಾಹಿತಿ ಕೇಳುವವರು ಮೇಲಿದ್ದಾರೆ. ಮಾಹಿತಿ ಸಂಗ್ರಹವನ್ನು ಸಭೆಯ ಹಿಂದಿನ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ಮುಗಿಸಲಿ, ಮಗುವಿನ ಚರ್ಚೆ ಬೆಳಿಗ್ಗೆ ಮೊದಲೇ ಬರಲಿ. ಇನ್ನೊಂದು, ಹಲವು ಶಾಲೆಗಳಲ್ಲಿ ಈ ಮಕ್ಕಳಿಗೆ ಪಾಠ ಹೇಳುವವರು ಅತಿಥಿ ಶಿಕ್ಷಕರು. ಸಭೆಗೆ ಹೋಗುವವರು ಬೇರೆ. ಅತಿಥಿ ಶಿಕ್ಷಕರನ್ನೂ ಕರೆಯಬೇಕು. ಆ ದಿನದ ಗೌರವಧನ ಕಡಿಯಬಾರದು, ಪ್ರಯಾಣ ಖರ್ಚು ಕೊಡಬೇಕು ಮತ್ತು ಏಕೋಪಾಧ್ಯಾಯ ಶಾಲೆಗೆ ಬದಲಿ ವ್ಯವಸ್ಥೆ ಆಗಬೇಕು. ಈ ಬಗ್ಗೆ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಲಿಖಿತ ಆದೇಶ ಹೊರಡಿಸಲಿ.

– ಪ್ರಾಥಮಿಕ ಶಾಲಾ ಶಿಕ್ಷಕಿಯರು, ಶಹಾಪುರ, ಯಾದಗಿರಿ ಜಿಲ್ಲೆ